ಚಿಗಳ್ಳಿಯ ನೀರು, ಗಂಗಾವಳಿಯ ಕಡಲು

ಮೃಗಶಿರ ಮಳೆ ಹಿಡಿಯಿತೆಂದರೆ ಚಿಗಳ್ಳಿಯ ಹೊಲಗಳಲ್ಲಿ ಕೆಂಪು ನೀರು ಓಡಾಡತೊಡಗುತ್ತದೆ. ಗೋವಿನಜೋಳದ ಸಾಲು ದಾಟಿ ಬದುವಿಗೆ, ಬದು ಹಾರಿ ಬಂಡಿದಾರಿಗೆ, ಅಲ್ಲಿಂದ ತಗ್ಗು ಹುಡುಕಿಕೊಂಡು ಹಳ್ಳಕ್ಕೆ. ಗದ್ದೆಯಂಚಿನ ಏಡಿ ಬಿಲದಿಂದ ಹೊರಬಂದು ಕೊಂಬು ಎತ್ತಿ ನಿಲ್ಲುತ್ತದೆ. ಕೋಡಿ ಬಿದ್ದ ಕಡೆ ಹುಡುಗರು ಹಳೆ ಸೀರೆಯ ತುಂಡು ಹಿಡಿದು ಮೀನಿಗೆ ಕಾಯುತ್ತಾರೆ. ಮುಂಡಗೋಡ ತಾಲೂಕಿನ ಈ ಊರನ್ನು ಹೊರಗಿನವರು ಬಲ್ಲದ್ದು ದೀಪನಾಥೇಶ್ವರನಿಂದ; ಎಣ್ಣೆಯಿಲ್ಲದೆ ಉರಿದವೆಂದು ಭಕ್ತರು ನಂಬುವ ದೀಪಗಳಿಗೆ ಕೈಮುಗಿಯಲು ದೂರದೂರದ ಜನ ಬಂದಿದ್ದಾರೆ. ರೈತರ ಲೆಕ್ಕದಲ್ಲಿ ಮಾತ್ರ ಚಿಗಳ್ಳಿ ಎಂದರೆ ಜಲಾಶಯ. 2019ರ ಆಗಸ್ಟ್ ಮಳೆಗೆ ಅದರ ಒಡ್ಡು ಒಡೆದು, ನೀರು ಬೆಳೆದು ನಿಂತ ಗದ್ದೆಗಳ ಮೇಲೆ ಹಾಯ್ದು ಹೋಯಿತು.

ಆ ನೀರು ಹೋದದ್ದೆಲ್ಲಿಗೆ? ಬೇಡ್ತಿಗೆ. ಬೇಡ್ತಿಯಿಂದ ಅರಬ್ಬಿ ಸಮುದ್ರಕ್ಕೆ. ಊರಿನಲ್ಲಿ ಯಾರನ್ನಾದರೂ “ಸಮುದ್ರ ನೋಡೀರೇನ್ರೀ?” ಎಂದು ಕೇಳಿದರೆ, “ಗೋಕರ್ಣಕ್ಕ ಹೋದಾಗ ನೋಡೇವ್ರೀ, ಒಂದ್ಸಲ ಕಾಲ್ ತೊಯಿಸ್ಕೊಂಡ್ ಬಂದೇವಿ” ಎಂಬ ಉತ್ತರ ಸಿಗುತ್ತದೆ. ಕಡಲೆಂದರೆ ಬಸ್ಸು ಹತ್ತಿ, ಘಟ್ಟ ಇಳಿದು ನೋಡಿ ಬರುವ ಯಾತ್ರಾಸ್ಥಳ. ತಮ್ಮ ಹೊಲದ ಮಣ್ಣು ಪ್ರತಿ ಮಳೆಗಾಲವೂ ಬಸ್ಸಿಲ್ಲದೆ ಅದೇ ಯಾತ್ರೆ ಮಾಡುತ್ತದೆಂಬುದು ಯಾರ ತಲೆಗೂ ಬಂದಿರುವುದಿಲ್ಲ.

ಮುಂಡಗೋಡದ ನೆಲವೇ ವಿಚಿತ್ರ. ಒಂದೇ ತಾಲೂಕಿನ ಮಳೆ ಎರಡು ಸಮುದ್ರಗಳಿಗೆ ಪಾಲಾಗುತ್ತದೆ. ಮಳಗಿ ಕಡೆ ಬಿದ್ದ ಹನಿ ಧರ್ಮಾ ನದಿ ಸೇರಿ, ವರದೆಯಾಗಿ, ತುಂಗಭದ್ರೆಯಾಗಿ, ಕೃಷ್ಣೆಯೊಡನೆ ಆಂಧ್ರವನ್ನು ಹಾಯ್ದು ಬಂಗಾಳ ಕೊಲ್ಲಿಗೆ ಬೀಳುತ್ತದೆ. ಚಿಗಳ್ಳಿ ಕಡೆ ಬಿದ್ದದ್ದು ಬೇಡ್ತಿ ಹಿಡಿದು ಪಡುವಣಕ್ಕೆ ತಿರುಗುತ್ತದೆ. ಮೋಡ ಸ್ವಲ್ಪ ಅತ್ತಿತ್ತ ಸರಿದರೆ ಹನಿಯ ಹಣೆಬರಹವೇ ಬೇರೆ.

ಬೇಡ್ತಿಯದು ಸುಮಾರು 152 ಕಿಲೋಮೀಟರ್ ಉದ್ದದ ಬದುಕು. ಧಾರವಾಡದ ಬಯಲಲ್ಲಿ ಹುಟ್ಟಿ, ಕಲಘಟಗಿ ದಾಟಿ, ಯಲ್ಲಾಪುರದ ಕಾಡು ಹೊಕ್ಕು ಮಾಗೋಡಿನಲ್ಲಿ ಹತ್ತಿರ ಹತ್ತಿರ 200 ಮೀಟರ್ ಕೆಳಗೆ ಧುಮುಕುತ್ತದೆ. ಘಟ್ಟದ ಕೆಳಗೆ ಹೆಸರು ಬದಲಿಸಿ ಗಂಗಾವಳಿಯಾಗುತ್ತದೆ. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮಗ್ಗುಲಿನ ಗುಡ್ಡ ಜಾರಿ ಬಿದ್ದದ್ದು ಇದೇ ಹೊಳೆಗೆ. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಗುಡ್ಡ ಕಡಿದ ಪಾಪದ ಪಾಲನ್ನು ಹೊಳೆಯೂ ಉಣ್ಣಬೇಕಾಯಿತು.

ಇನ್ನು ಅಳಿವೆ. ಉತ್ತರ ದಡದಲ್ಲಿ ಮಂಜಗುಣಿ, ದಕ್ಷಿಣದಲ್ಲಿ ಗಂಗಾವಳಿ. ಇಲ್ಲಿ ಗಂಗಾಮಾತೆಯ ಗುಡಿಯಿದೆ. ದೀಪಾವಳಿಯ ಹೊತ್ತಿಗೆ ಆಕೆಗೂ ಗೋಕರ್ಣದ ಮಹಾಬಲೇಶ್ವರನಿಗೂ ಮದುವೆ. ಹೊಳೆಯನ್ನು ಹೆಣ್ಣು ಮಾಡಿ ಕಡಲಂಚಿನ ದೇವರಿಗೆ ಧಾರೆ ಎರೆದವರಿಗೆ ಅಳಿವೆಯ ಮಹತ್ವ ಯಾರೂ ಪಾಠ ಮಾಡಬೇಕಿರಲಿಲ್ಲ. ಭರತದಲ್ಲಿ ಉಪ್ಪುನೀರು ಒಳನುಗ್ಗುತ್ತದೆ, ಇಳಿತದಲ್ಲಿ ಸಿಹಿನೀರು ಹೊರಟು ನಿಲ್ಲುತ್ತದೆ. ಎರಡೂ ಬೆರೆತ ಸಪ್ಪೆ ಉಪ್ಪಿನ ಕೆಸರಲ್ಲಿ ಕಾಂಡ್ಲಾ ಗಿಡಗಳು ಬೇರು ಊರಿ ನಿಂತಿರುತ್ತವೆ. ಆ ಬೇರುಗಳ ಸಂದಿಯೇ ಸೀಗಡಿಗೆ, ಏಡಿಗೆ, ಎಷ್ಟೋ ಜಾತಿಯ ಮೀನಿನ ಮರಿಗಳಿಗೆ ತೊಟ್ಟಿಲು. ನೀರಿಳಿದಾಗ ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿ ಚಿಪ್ಪಿ, ಬಳಚು ಹೆಕ್ಕಲು ಕೆಸರಿಗಿಳಿಯುತ್ತಾರೆ. ಪಕ್ಕದ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ, ಎಂಬ ಪಟ್ಟ ಸಿಕ್ಕಿತು. ಗಂಗಾವಳಿಗೆ ಅಂಥ ಪಟ್ಟವಿಲ್ಲ, ಇಲ್ಲಿನ ಕೆಸರೂ ಫಲವತ್ತೇ.

ಮಳೆಗಾಲದ ಕಡಲನ್ನು ದಂಡೆಯ ಮೇಲೆ ನಿಂತು ನೋಡಿದರೆ ಭಯವಾಗುತ್ತದೆ. ಬೂದು ಬಣ್ಣದ ತೆರೆ, ತೆಂಗಿನ ಬುಡ ಕೊರೆಯುವ ಹೊಡೆತ, ಗಾಳಿಯಲ್ಲಿ ಹಾರಿ ಬರುವ ನೊರೆ. ಆದರೆ ಆ ರಂಪಾಟದ ಅಡಿಯಲ್ಲಿ ನಡೆಯುವುದು ಅಡುಗೆ! ಮುಂಗಾರು ಗಾಳಿ ಬೀಸುವ ಕಾಲದಲ್ಲಿ ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣನೆಯ ನೀರು, ತಳದಲ್ಲಿ ಸೇರಿಕೊಂಡಿದ್ದ ಸಾರವನ್ನೆಲ್ಲ ಹೊತ್ತು ಮೇಲೇಳುತ್ತದೆ. ಅದೇ ಹೊತ್ತಿಗೆ ಹೊಳೆಗಳು ಘಟ್ಟದ ಕಲ್ಲುಮಣ್ಣಿನಿಂದ ಕರಗಿದ ಸಿಲಿಕಾ ತಂದು ಸುರಿಯುತ್ತವೆ. ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿ ತನ್ನ ಗಾಜಿನಂಥ ಕವಚ ಕಟ್ಟಿಕೊಳ್ಳುವುದು ಈ ಸಿಲಿಕಾದಿಂದಲೇ. ಡಯಾಟಮ್ ಹೆಚ್ಚಿದರೆ ತಾರ್ಲೆ, ಬಂಗಡೆಗೆ ಹಬ್ಬ. ತಾರ್ಲೆ, ಬಂಗಡೆ ಹೆಚ್ಚಿದರೆ ಕಾರವಾರದಿಂದ ಭಟ್ಕಳದವರೆಗೆ ಒಲೆಗಳು ಹೊತ್ತುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ಕಟ್ಟಳೆಯಿರುವುದು ಮೀನುಗಳು ಮೊಟ್ಟೆಯಿಡುವ ಈ ಕಾಲವನ್ನು ಕಾಯಲೆಂದು.

ಕಡಲ ಪಾಚಿ ಬರೀ ಮೀನಿನ ಮೇವಲ್ಲ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಅರ್ಧದಷ್ಟು ನಡೆಯುವುದು ಸಮುದ್ರದಲ್ಲಿ. ಚಿಗಳ್ಳಿಯ ತೇಗದ ಕಾಡಿನಷ್ಟೇ ಆಚೆಯ ಉಪ್ಪುನೀರೂ ನಮಗಾಗಿ ಉಸಿರು ತಯಾರಿಸುತ್ತಿದೆ. ಕೊಡುಕೊಳ್ಳುವಿಕೆ ಅಲ್ಲಿಗೆ ಮುಗಿಯುವುದಿಲ್ಲ. ಮೃಗಶಿರದ ಮೋಡ ನೀರು ತುಂಬಿಕೊಂಡು ಬರುವುದು ಆ ಕಡಲ ಮೇಲಿಂದ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರದಲ್ಲಿ ಬಿಸಿಲಿಗೆ ಕಡಲನ್ನೇ ಬತ್ತಿಸಿ ಉಪ್ಪು ತೆಗೆಯುತ್ತಾರೆ. ಘಟ್ಟದ ಮೇಲಿನ ಸಂತೆಗಳಲ್ಲಿ ಒಣಮೀನಿನ ವಾಸನೆ ಇಲ್ಲದ ಮಳೆಗಾಲವೇ ಇಲ್ಲ.

ನಾವು ಅದಕ್ಕೆ ಮರಳಿ ಕಳಿಸುವುದೇನು? ಮೊದಲ ಮಳೆಗೆ ಯಾವುದಾದರೂ ಹಳ್ಳದ ಸೇತುವೆಯ ಮೇಲೆ ನಿಂತು ನೋಡಿ. ಗುಟ್ಕಾ ಚೀಟಿ, ಶಾಂಪೂ ಪುಡಿಕೆ, ಕಳೆನಾಶಕದ ಖಾಲಿ ಡಬ್ಬಿ, ಗೊಬ್ಬರ ಚೀಲದ ದಾರ, ಮದುವೆಯೂಟದ ಪ್ಲಾಸ್ಟಿಕ್ ಲೋಟ. ವರ್ಷವಿಡೀ ದಂಡೆಯಲ್ಲಿ ಬಿದ್ದಿದ್ದೆಲ್ಲ ಒಂದೇ ಮಳೆಗೆ ಗಂಟುಮೂಟೆ ಕಟ್ಟಿ ಹೊರಡುತ್ತದೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಬಿಸಿಲು ಮತ್ತು ತೆರೆಯ ಪೆಟ್ಟಿಗೆ ಪುಡಿಯಾಗುತ್ತದೆ. ಆ ಪುಡಿ ಮೀನಿನ ಹೊಟ್ಟೆಗೂ, ಬಳಚಿನ ಚಿಪ್ಪಿನೊಳಕ್ಕೂ ಹೋಗುತ್ತದೆ. ಕಡಲಾಮೆಗಳು ಮೊಟ್ಟೆಯಿಡಲು ಬರುವ ಜಿಲ್ಲೆಯ ದಂಡೆಗಳಲ್ಲಿ ಅರಣ್ಯ ಇಲಾಖೆ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತದೆ. ಘಟ್ಟದ ಮೇಲಿಂದ ಇಳಿದು ಬರುವ ಕಸಕ್ಕೆ ಬೇಲಿ ಕಟ್ಟುವವರು ಯಾರು?

ತಪ್ಪೆಲ್ಲ ಮೇಲಿನವರದೇ ಎಂದರೂ ಅನ್ಯಾಯವಾದೀತು. ಊರಿಗೆ ಊರೇ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯನ್ನು 1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳು ಮೂಲೆಗೆ ತಳ್ಳಿದವು. ಆಮೇಲೆ ರಾತ್ರಿ ಕಡಲಲ್ಲಿ ಎಲ್‌ಇಡಿ ದೀಪ ಹಚ್ಚಿ ಮರಿಮೀನನ್ನೂ ಬಿಡದೆ ಬಾಚುವ ಚಾಳಿ ಬಂತು. 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ನಿಷೇಧ ಕಾಗದದ ಮೇಲೆ ಗಟ್ಟಿಯಾಗಿದೆ.

ನನಗೆ ಎಲ್ಲಕ್ಕಿಂತ ಕಿರಿಕಿರಿಯಾಗುವುದು ಒಂದು ಹಳೆಯ ವಾದಕ್ಕೆ: “ನೀರು ಸುಮ್ಮನೆ ಸಮುದ್ರಕ್ಕೆ ಹರಿದು ಹಾಳಾಗುತ್ತಿದೆ.” ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲದಲ್ಲೂ ಇದನ್ನೇ ಹೇಳಿದರು, 1980ರ ದಶಕದಲ್ಲಿ ಜಿಲ್ಲೆಯ ಜನ ಒಟ್ಟಾಗಿ ನಿಂತದ್ದರಿಂದ ಆ ಯೋಜನೆ ಬದಿಗೆ ಸರಿಯಿತು. ಈಗ ಬೇಡ್ತಿಯ ನೀರನ್ನು ಎತ್ತಿ ವರದೆಗೆ ಹರಿಸುವ ಜೋಡಣೆಯ ಮಾತು. ಹಾವೇರಿ, ಗದಗದ ರೈತರ ಬಾಯಾರಿಕೆ ಸುಳ್ಳಲ್ಲ, ಅದನ್ನು ಹಗುರವಾಗಿ ನೋಡುವವನು ನಾನಲ್ಲ. ಚಿಗಳ್ಳಿಯ ಜಲಾಶಯವೂ ಹರಿವ ನೀರನ್ನು ತಡೆದು ಕಟ್ಟಿದ್ದೇ ತಾನೆ. ಆದರೆ ಕೆರೆ ಕಟ್ಟುವುದು ಬೇರೆ, ಹೊಳೆಯ ದಿಕ್ಕನ್ನೇ ತಿರುಗಿಸುವುದು ಬೇರೆ. ಸಿಹಿನೀರು ಕಡಿಮೆಯಾದರೆ ಅಳಿವೆಯಲ್ಲಿ ಉಪ್ಪು ಮೇಲೇರುತ್ತದೆ, ದಂಡೆಯ ಗದ್ದೆ, ಬಾವಿಗಳಿಗೆ ಉಪ್ಪು ಹತ್ತುತ್ತದೆ, ಕಾಂಡ್ಲಾ ಸೊರಗುತ್ತದೆ, ಬಳಚು ಬೆಳೆಯುವುದಿಲ್ಲ. ಕಡಲು ಸೇರುವ ನೀರಿನಲ್ಲಿ ಹಾಳಾಗುವುದು ಒಂದು ಹನಿಯೂ ಇಲ್ಲ.

ಸಮುದ್ರ ಕಾಯುವ ಕೆಲಸಕ್ಕೆ ಚಿಗಳ್ಳಿಯವರು ಗೋಕರ್ಣಕ್ಕೆ ಹೋಗಬೇಕಿಲ್ಲ. ಮೇ ತಿಂಗಳ ಕೊನೆಗೆ, ಮಳೆ ಬೀಳುವ ಮುಂಚೆ, ಪಂಚಾಯ್ತಿಯವರು, ಶಾಲೆಯ ಮಕ್ಕಳು, ಸಂಘದ ಹೆಣ್ಣುಮಕ್ಕಳು ಸೇರಿ ಒಂದು ದಿನ ಹಳ್ಳದ ಎರಡೂ ದಂಡೆಯ ಕಸ ಎತ್ತಲಿ. ಔಷಧಿ ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯುವುದು ನಿಲ್ಲಲಿ. ಬದುವಿನ ಮೇಲೆ ಹುಲ್ಲು ಉಳಿಯಲಿ, ಮಣ್ಣು ಹೊಲದಲ್ಲೇ ನಿಲ್ಲುತ್ತದೆ. ನಿಮ್ಮ ಊರು ಯಾವ ಹೊಳೆಯ ಜಲಾನಯನದಲ್ಲಿದ್ದರೂ ಸರಿ, ಈ ವರ್ಷ ಆ ಒಂದು ದಿನವನ್ನು ಗೊತ್ತು ಮಾಡಿ, ಗ್ರಾಮಸಭೆಯಲ್ಲಿ ಬರೆಸಿ.