ಎದೆ ಡವಡವ, ಆದರೆ ಇಸಿಜಿ ಸರಿ: ಮುಂದೇನು?



ನಾನು ವಾರಾಣಸಿಯ ಅಸ್ಸಿಯಲ್ಲಿರುವ ಹೃದ್ರೋಗ ವೈದ್ಯ. ಊರು ಬಿಟ್ಟು ಬಂದ ನಮ್ಮವರಲ್ಲಿ ಆಗಾಗ ಕಾಣುವ ಒಂದು ತೊಂದರೆಯ ಬಗ್ಗೆ ಈ ಸಲ ಬರೆಯುತ್ತಿದ್ದೇನೆ.

ಹಾವೇರಿ ಕಡೆಯ ಒಬ್ಬ ತಾಯಿ ಮಗನ ಕೆಲಸದ ನಿಮಿತ್ತ ಇಲ್ಲಿಗೆ ಬಂದವರು. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಒಂದು ಬೆಳಿಗ್ಗೆ ಅಸ್ಸಿ ಘಾಟಿನ ಮೆಟ್ಟಿಲ ಮೇಲೆ ಎದೆ ಹೊಡೆದುಕೊಂಡು, ಕೈ ಬೆವರಿ, ಉಸಿರು ಕಟ್ಟಿದಂತಾಯಿತು. ಇಸಿಜಿ, ಟ್ರೊಪೋನಿನ್ ರಕ್ತಪರೀಕ್ಷೆ, ಎಕೋ ಎಲ್ಲವೂ ಸರಿ ಇದ್ದವು. "ನಿಮಗೇನೂ ಇಲ್ಲಮ್ಮ" ಎಂದು ಕಳಿಸಿದೆ. ಎರಡು ತಿಂಗಳಲ್ಲಿ ಮೂರು ಸಲ ಮತ್ತೆ ಬಂದರು. ಮೊದಲು ಘಾಟಿಗೆ ಹೋಗುವುದು ನಿಂತಿತು, ಆಮೇಲೆ ತರಕಾರಿ ತರಲು ಹೋಗುವುದೂ ನಿಂತಿತು.

ತಪ್ಪು ನನ್ನದು. ಹೃದಯಕ್ಕೆ ಏನೂ ಆಗಿಲ್ಲ ಎಂದರೆ ಆ ಮನುಷ್ಯನಿಗೇ ಏನೂ ಆಗಿಲ್ಲ ಎಂದಲ್ಲ. ಅವರಿಗಿದ್ದದ್ದು ಪ್ಯಾನಿಕ್. ಹೆದರಿಕೆಯಾದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ, ಎದೆಬಡಿತ ಏರುತ್ತದೆ. ಆ ಬಡಿತ ಕಂಡು ಮತ್ತಷ್ಟು ಹೆದರಿಕೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ನಂತರ ತಾನಾಗಿ ಇಳಿಯುತ್ತದೆ. ಪ್ರತಿ ಹೊಸ ಇಸಿಜಿ ಎರಡು ದಿನ ಸಮಾಧಾನ ಕೊಡುತ್ತದೆ, ಆಮೇಲೆ ಅನುಮಾನ ಮರಳುತ್ತದೆ.

*ಎಚ್ಚರಿಕೆ:* ಇದು ಪ್ಯಾನಿಕ್ ಎಂದು ಮನೆಯಲ್ಲಿ ನೀವೇ ತೀರ್ಮಾನಿಸಬೇಡಿ. ಎದೆ ಹಿಂಡಿದಂತಾದರೆ, ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹರಡಿದರೆ, ತಣ್ಣನೆ ಬೆವರು ಬಂದರೆ 112 ಅಥವಾ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವಿಲ್ಲದೆಯೂ ಹೃದಯಾಘಾತ ಆಗಬಹುದು.

ಹೃದಯ ಸರಿ ಇದೆ ಎಂದು ಖಚಿತವಾದ ಮೇಲೆ ಆಪ್ತಸಮಾಲೋಚನೆ ಬೇಕು. ಇಲ್ಲಿ ಹಿಂದಿಯಲ್ಲಿ ಆ ತಾಯಿಗೆ ಗೊತ್ತಿದ್ದದ್ದು "ಘಬರಾಹಟ್" ಎಂಬ ಒಂದೇ ಪದ. ಆನ್‌ಲೈನ್‌ನಲ್ಲಿ ಕನ್ನಡದ ಸಮಾಲೋಚಕಿ ಸಿಕ್ಕಾಗ ಮನಸ್ಸು ಬಿಚ್ಚಿದರು: "ಮನ್ಯಾಗ ಒಬ್ಬಾಕಿನ ಇದ್ದಾಗ ಸತ್ರ ಯಾರಿಗೂ ಗೊತ್ತಾಗಂಗಿಲ್ರಿ." ಈ ಮಾತು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಅವರು ಕಲಿತದ್ದು:

1. ಎದೆ ಬಡಿದಾಗ ಎಲ್ಲಿದ್ದೆ, ಏನು ಯೋಚನೆ ಬಂತು, ಕೊನೆಗೆ ಏನಾಯಿತು ಎಂದು ವಹಿಯಲ್ಲಿ ಬರೆಯುವುದು.
2. 4 ಎಣಿಸುತ್ತಾ ಉಸಿರು ಒಳಕ್ಕೆ, 6 ಎಣಿಸುತ್ತಾ ಹೊರಕ್ಕೆ. ದಿನಕ್ಕೆರಡು ಸಲ, ಆರಾಮಾಗಿರುವಾಗಲೇ ರೂಢಿ ಮಾಡಿಕೊಳ್ಳುವುದು.
3. ಬಿಟ್ಟ ಜಾಗಕ್ಕೆ ಸ್ವಲ್ಪಸ್ವಲ್ಪವಾಗಿ ಮರಳುವುದು. ಮೊದಲು ಗಲ್ಲಿಯ ತುದಿ, ಆಮೇಲೆ ತರಕಾರಿ ಅಂಗಡಿ, ನಂತರ ಘಾಟಿನ ಮೇಲಿನ ಮೆಟ್ಟಿಲು. ಹೆದರಿಕೆ ಇಳಿಯುವ ತನಕ ಅಲ್ಲೇ ನಿಲ್ಲುವುದು.

ಧೈರ್ಯ ಮೊದಲು ಬರುವುದಿಲ್ಲ. ಮಾಡುತ್ತಾ ಹೋದ ಮೇಲೆ ಬರುತ್ತದೆ.

*ಎಲ್ಲಿ ಸಿಗುತ್ತದೆ?* ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಅಥವಾ 1800-891-4416. 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಉಚಿತ, ಹಗಲೂ ರಾತ್ರಿ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 20 ಭಾಷೆಗಳಲ್ಲಿ ಕನ್ನಡವೂ ಒಂದು, ಕೇಳಿ ಪಡೆಯಿರಿ. ಬದುಕೇ ಬೇಡ ಎನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ತಕ್ಷಣ ಇದೇ ನಂಬರಿಗೆ ಕರೆ ಮಾಡಿ.

ಖಾಸಗಿಯಾಗಿ ಹುಡುಕುವುದಾದರೆ ಓದು, ಅನುಭವ ವಿಚಾರಿಸಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಬಳಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಮಾತ್ರೆ ಬೇಕಾದರೆ ಬರೆದುಕೊಡುವವರು ಮನೋವೈದ್ಯರು. ಬಿಪಿ, ಹೃದಯದ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಮನೆಯವರಿಗೆ ಒಂದು ಮಾತು. ಅಮ್ಮನಿಗೆ ಒಂದು ಕೋಣೆ, ಇಯರ್‌ಫೋನ್, 45 ನಿಮಿಷ ಬಿಟ್ಟುಕೊಡಿ. ಪಕ್ಕದಲ್ಲಿ ಕೂತು ಅವರ ಪರವಾಗಿ ಉತ್ತರಿಸಬೇಡಿ. "ಅದೆಲ್ಲ ಭ್ರಮೆ" ಎನ್ನಬೇಡಿ. ನಾನೂ ಹೆಚ್ಚುಕಡಿಮೆ ಅದನ್ನೇ ಅಂದಿದ್ದೆ.

ಮೊನ್ನೆ ಅವರು ಬಿಪಿ ತೋರಿಸಲು ಬಂದಿದ್ದರು. "ಇನ್ನೂ ಒಮ್ಮೊಮ್ಮೆ ಎದಿ ಹೊಡಕೋತೈತ್ರಿ ಡಾಕ್ಟರ್ರ, ಆದ್ರ ಈಗ ನಿಂತು ನೋಡ್ತೀನ್ರಿ" ಎಂದರು. ಇಸಿಜಿ ಕೇಳಲಿಲ್ಲ.

ದೂರದ ಊರಲ್ಲಿರುವ ನಿಮ್ಮ ಬಂಧುಗಳಿಗೂ ಇದನ್ನು ಕಳಿಸಿ.

– ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ., ಅಸ್ಸಿ, ವಾರಾಣಸಿ