ಅಜ್ಜಿಯೂ ಕಾರಿನಿಂದ ಇಳಿಯಲಿ: ಕೆಮ್ಮಣ್ಣುಗುಂಡಿಗೆ ಹೊರಡುವ ಮುನ್ನ

“ನೀವು ಹೋಗ್ಬನ್ನಿ, ನಾನಿಲ್ಲೇ ಕಾರಲ್ಲಿ ಕೂತಿರ್ತೀನಿ.”

ಗಿರಿಧಾಮಕ್ಕೆ ಹೊರಟ ಎಷ್ಟೋ ಮನೆಗಳಲ್ಲಿ ಈ ಮಾತು ಆಡುವವರು ಒಬ್ಬರಾದರೂ ಇರುತ್ತಾರೆ. ಮೊಣಕಾಲು ನೋವಿನ ಅಜ್ಜಿ, ಲಕ್ವ ಹೊಡೆದು ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ದೊಡ್ಡಪ್ಪ, ಗಾಲಿಕುರ್ಚಿಯಲ್ಲಿ ಓಡಾಡುವ ಮಗಳು. ಉಳಿದವರು ಅರ್ಧ ಮನಸ್ಸಿನಿಂದ ಒಂದು ಸುತ್ತು ಹಾಕಿ ಬಂದು ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ. ಅಷ್ಟು ದೂರದಿಂದ ಬಂದವರಿಗೆ ಕೊನೆಯ ನೂರು ಅಡಿ ದಕ್ಕುವುದಿಲ್ಲ. ಹೊರಡುವ ಮೊದಲು ಆ ನೂರು ಅಡಿಯ ಬಗ್ಗೆ ಯಾರೂ ವಿಚಾರಿಸಿರುವುದಿಲ್ಲ.

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಅಂಥ ವಿಚಾರಣೆಗೆ ತಕ್ಕ ಜಾಗ. ಬಾಬಾಬುಡನ್‌ಗಿರಿ ಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿ, ಕಾಡಿನ ಮಡಿಲಲ್ಲಿ ತೋಟಗಾರಿಕೆ ಇಲಾಖೆ ನೋಡಿಕೊಳ್ಳುವ ಹೂದೋಟ ಇದು. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ಕಾರಣ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರೂ ಇದಕ್ಕಿದೆ. ಹಳೆಯ ಹೆಸರಿನಲ್ಲಿ ಮಾತ್ರ ನೆಲದ ಗುಣವೇ ಇದೆ: ಕೆಂಪು ಮಣ್ಣಿನ ಗುಂಡಿ. ಮಣ್ಣಿಗೆ ಆ ಬಣ್ಣ ಕೊಟ್ಟಿದ್ದು ಕಬ್ಬಿಣ. 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಇಲ್ಲಿಂದಲೇ. ರೋಪ್‌ವೇ ತೊಟ್ಟಿಲುಗಳಲ್ಲಿ ಅದಿರು ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಸಾಗುತ್ತಿತ್ತು. ಕಲ್ಲು ಮಣ್ಣನ್ನು ಇಷ್ಟು ನಾಜೂಕಾಗಿ ಇಳಿಸಿದ ಬೆಟ್ಟದಲ್ಲಿ ಗಾಲಿಕುರ್ಚಿಯೊಂದು ನಾಲ್ಕು ಮೆಟ್ಟಿಲ ಮುಂದೆ ನಿಂತುಬಿಡುತ್ತದೆ ಎನ್ನುವುದು ಮನಸ್ಸಿಗೆ ಚುಚ್ಚುವ ಸಂಗತಿ.

ಇಳಿಜಾರಿಗೂ ಒಂದು ಲೆಕ್ಕವಿದೆ. ಗಾಲಿಕುರ್ಚಿಯ ರ‍್ಯಾಂಪ್‌ಗೆ ನಮ್ಮ ದೇಶದ ಮಾನದಂಡ 12ಕ್ಕೆ 1, ಅಂದರೆ ಒಂದು ಅಡಿ ಎತ್ತರ ಏರಲು 12 ಅಡಿ ಉದ್ದದ ದಾರಿ ಬೇಕು. ಅದಕ್ಕಿಂತ ಕಡಿದಾದರೆ ಕೂತವರ ತೋಳೂ ತಳ್ಳುವವರ ತೋಳೂ ಸೋಲುತ್ತವೆ. ಬೆಟ್ಟದ ತೋಟದಲ್ಲಿ ಇದು ಆಗುಹೋಗುವ ಮಾತೇ ಎಂದು ಕೇಳುವವರು ತಾವು ಹತ್ತಿಬಂದ ರಸ್ತೆಯನ್ನೇ ನೋಡಬೇಕು. ಗುಡ್ಡಗಾಡಿನ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಸಾಮಾನ್ಯ ಏರು 20ಕ್ಕೆ 1. ಲಾರಿ ನೆಟ್ಟಗೆ ಹತ್ತಲಾರದು ಎಂದೇ ಇಂಜಿನಿಯರುಗಳು ತಿರುವಿನ ಮೇಲೆ ತಿರುವು ಹಾಕಿದರು. ಹೂವಿನ ಪಾತಿಗಳ ನಡುವೆ ಅದೇ ಥರ ಬಳಸಿಕೊಂಡು ಹೋಗುವ ಒಂದು ದಾರಿ ಹಾಕಿದರೆ ಮೆಟ್ಟಿಲ ಹಂಗೇ ಇರುವುದಿಲ್ಲ. ನಡೆದಾಡುವವರಿಗೂ ಅಂಥ ದಾರಿಯೇ ಚೆಂದ.

ದಾರಿ ಹಾಕುವುದು ಇಲಾಖೆಯ ಕೆಲಸ. ಅಲ್ಲಿಯವರೆಗೆ ಮನೆಯವರು ಮಾಡಬಹುದಾದ್ದೂ ಸಾಕಷ್ಟಿದೆ. ಮೊದಲನೆಯದು, ಹೋಗುವ ಒಂದು ವಾರ ಮುಂಚೆ ಅತಿಥಿಗೃಹಕ್ಕೆ ಫೋನ್ ಮಾಡುವುದು. “ಎಲ್ಲಾ ಸೌಕರ್ಯ ಇದೆಯಾ?” ಎಂದು ಕೇಳಿದರೆ “ಇದೆ ಸಾರ್” ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಬಿಡಿಬಿಡಿಯಾಗಿ ಕೇಳಬೇಕು: ಕಾರು ಎಲ್ಲಿಯವರೆಗೆ ಬರುತ್ತದೆ? ಅಲ್ಲಿಂದ ಕೋಣೆಗೆ ಎಷ್ಟು ಮೆಟ್ಟಿಲು? ಬಚ್ಚಲಿನ ಬಾಗಿಲು ಎಷ್ಟು ಅಗಲ? ಕಮೋಡ್ ಇದೆಯೇ? ಕರೆಂಟು ಹೋದರೆ ಏನು ಏರ್ಪಾಡು?

ಕಮೋಡಿನ ಪ್ರಶ್ನೆಯನ್ನು ಸಂಕೋಚಪಟ್ಟು ಬಿಡಬಾರದು. ಶೌಚಾಲಯ ಹೇಗಿದೆಯೋ ಎಂಬ ಭಯಕ್ಕೆ ಬೆಳಗಿನಿಂದ ಒಂದು ಲೋಟ ನೀರೂ ಕುಡಿಯದೆ ಪ್ರವಾಸ ಮುಗಿಸುವ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ! ಅವರ ಪಾಲಿಗೆ ತಲೆಸುತ್ತಿಗೂ ಮೂತ್ರದ ಸೋಂಕಿಗೂ ಅದೇ ದಾರಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮಡಚುವ ಕಮೋಡ್ ಕುರ್ಚಿಯೊಂದು ಕಾರಿನ ಡಿಕ್ಕಿಯಲ್ಲಿದ್ದರೆ ಅರ್ಧ ಚಿಂತೆ ಕಳೆದಂತೆ.

ಬೆಂಗಳೂರು ಕಡೆಯಿಂದ ರೈಲಿನಲ್ಲಿ ಬರುವವರು ಶಿವಮೊಗ್ಗ ಮಾರ್ಗದ ತರೀಕೆರೆಯಲ್ಲಿ ಇಳಿಯಬಹುದು. ಅಲ್ಲಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮೂಲಕ ಹೋಗುವ ರಸ್ತೆಯೇ ಒಳ್ಳೆಯದು. ಚಿಕ್ಕಮಗಳೂರಿನಿಂದ ಅತ್ತಿಗುಂಡಿ ಬಳಸಿ ಬರುವ ಒರಟು ದಾರಿಯಲ್ಲಿ ನೋಟವೇನೋ ಸೊಗಸು, ಆದರೆ ಬೆನ್ನುನೋವು ಇರುವವರಿಗೆ ಹೇಳಿದ್ದಲ್ಲ. ಲಿಂಗದಹಳ್ಳಿ ದಾಟಿದ ಮೇಲೆ ತಿರುವುಗಳು ಹೆಚ್ಚು. ವಾಂತಿಯ ಮಾತ್ರೆ ಬೇಕಿದ್ದರೆ ಅದಕ್ಕೂ ಮೊದಲೇ ನುಂಗಬೇಕು.

ಮೇಲೆ ಹೋದ ಮೇಲೆ ಏನನ್ನು ಬಿಡಬೇಕು ಎಂಬ ನಿರ್ಧಾರವೂ ಮನೆಯಲ್ಲೇ ಆಗಿರಲಿ. ಝಡ್ ಪಾಯಿಂಟ್‌ಗೆ ಸುಮಾರು ಮೂರು ಕಿಲೋಮೀಟರ್ ಕಿರುದಾರಿ, ಒಂದು ಪಕ್ಕ ಕಣಿವೆ. ಹೆಬ್ಬೆ ಜಲಪಾತಕ್ಕೆ ಜೀಪಿನಲ್ಲಿ ಕುಲುಕಾಡಿ ಹೋಗಿ ಮತ್ತೆ ನಡೆಯಬೇಕು. ಕಾಲು ಗಟ್ಟಿ ಇರುವವರು ಸರದಿಯ ಮೇಲೆ ಹೋಗಿಬರಲಿ. ಗುಲಾಬಿ ತೋಟ, ರಾಜಭವನದ ಸುತ್ತಲಿನ ನೋಟ, ಮರದ ನೆರಳಿನ ಬೆಂಚು, ಇವಿಷ್ಟರಲ್ಲೇ ಒಂದು ಇಡೀ ಬೆಳಗು ಎಲ್ಲರೂ ಒಟ್ಟಿಗೆ ಕಳೆಯಬಹುದು. ಕಣ್ಣು ಕಾಣದವರು ಜೊತೆಗಿದ್ದರೆ ಅವರ ಕೈ ಹಿಡಿದು ಎಳೆಯುವ ಬದಲು, ಅವರೇ ನಿಮ್ಮ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುವಂತೆ ನಡೆಯಿರಿ. ನಿಮ್ಮ ಮೈಯ ಏರಿಳಿತದಿಂದಲೇ ಅವರಿಗೆ ಮೆಟ್ಟಿಲು ಗೊತ್ತಾಗುತ್ತದೆ. ಕಡಿದಾದ ಕಡೆ ಗಾಲಿಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು: ಕೂತವರ ಮುಖ ಬೆಟ್ಟದ ಕಡೆಗೆ, ಹಿಡಿದವರು ಕೆಳಗಿನ ಬದಿಗೆ. ಊರುಗೋಲಿನ ತುದಿಯ ರಬ್ಬರು ಸವೆದಿದ್ದರೆ ತರೀಕೆರೆ ಪೇಟೆಯಲ್ಲೇ ಬದಲಾಯಿಸಿಕೊಳ್ಳಿ. ಒದ್ದೆ ಕೆಮ್ಮಣ್ಣಿನ ಮೇಲೆ ಸವೆದ ರಬ್ಬರು ಸೋಪಿನ ಹಾಗೆ ಜಾರುತ್ತದೆ.

ಕಾಲ ಯಾವುದು ಎನ್ನುವುದರ ಮೇಲೆ ಅಪಾಯವೂ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಗುಡ್ಡ ಜರಿಯುವ ಭಯ, ಜೊತೆಗೆ ಇಂಬಳ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ವಸ್ತು ಇರುತ್ತದೆ. ಹೃದಯದ ತೊಂದರೆಗೆ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಕಚ್ಚಿದ ಜಾಗದಿಂದ ಬಹಳ ಹೊತ್ತು ರಕ್ತ ಸೋರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಅದು ಕಚ್ಚಿದ್ದೇ ತಿಳಿಯದಿರಬಹುದು. ಚಳಿಗಾಲ ಹಿತವಾಗಿರುತ್ತದೆ. ಆದರೆ ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡಿನಲ್ಲಿ ಮಂಗನ ಕಾಯಿಲೆಯ ಹೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ಉಣುಗು ಕಚ್ಚುವುದರಿಂದ ಹರಡುತ್ತದೆ. ತೋಟದ ಹಾದಿ ಬಿಟ್ಟು ತರಗೆಲೆಯ ಮೇಲೆ ಕೂರಬಾರದು, ಉದ್ದ ತೋಳಿನ ಬಟ್ಟೆ ತೊಡಬೇಕು, ವಾಪಸು ಬಂದು ಬಿಸಿನೀರು ಸೋಪಿನಲ್ಲಿ ಮೈ ತೊಳೆಯಬೇಕು. ಬಂದ ಮೇಲೆ ಜ್ವರ ಕಾಣಿಸಿದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಹೇಳಲೇಬೇಕು.

ಇನ್ನು ಕಾನೂನು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ನಿಯಮಗಳು ಹೊರಬಿದ್ದ ಐದು ವರ್ಷದೊಳಗೆ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರಿಗೂ ಸುಗಮಗೊಳಿಸಬೇಕು ಎಂದಿತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. 2022ಕ್ಕೆ ಗಡುವು ಮುಗಿಯಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯುವಂತಿಲ್ಲ, ಕಡ್ಡಾಯವಾಗಬೇಕು ಎಂದು ಹೇಳಿ ಕೇಂದ್ರಕ್ಕೆ ಮೂರು ತಿಂಗಳ ಕಾಲ ಕೊಟ್ಟಿತು. ಹಾಗಾಗಿ ರ‍್ಯಾಂಪ್ ಕೇಳುವವರು ಯಾರ ದಯೆಯನ್ನೂ ಬೇಡುತ್ತಿಲ್ಲ.

ಬೆಟ್ಟದ ಮೇಲೂ ಇದು ಸಾಧ್ಯ ಎನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಸಾಕ್ಷಿ ಇದೆ. ಟೇಬಲ್ ಮೌಂಟನ್ನಿನ ಇಳಿಜಾರಿನಲ್ಲಿ 1913ರಲ್ಲಿ ಆರಂಭವಾದ ಕರ್ಸ್ಟನ್‌ಬಾಶ್ ಸಸ್ಯೋದ್ಯಾನದಲ್ಲಿ ಅಂಧರಿಗೆ ಬ್ರೈಲ್ ಫಲಕಗಳಿರುವ ಒಂದು ಕಾಡುಹಾದಿ ಇದೆ, ಹಗ್ಗ ಹಿಡಿದು ಸಾಗಬಹುದು. 2014ರಲ್ಲಿ ಅಲ್ಲಿ ಮರಗಳ ನೆತ್ತಿಯ ಮಟ್ಟದಲ್ಲಿ 130 ಮೀಟರ್ ಉದ್ದದ ಕಾಲುಸೇತುವೆ ಕಟ್ಟಿದರು. ಗಾಲಿಕುರ್ಚಿಯಲ್ಲಿ ಕೂತವರು ಹಕ್ಕಿಗೂಡಿನ ಎತ್ತರಕ್ಕೆ ಹೋಗಿಬರುತ್ತಾರೆ. ಅಷ್ಟು ದೂರವೇಕೆ, ತೋಟಗಾರಿಕೆ ಇಲಾಖೆಯದೇ ಆದ ಲಾಲ್‌ಬಾಗಿನಲ್ಲಿ ಬ್ಯಾಟರಿ ಗಾಡಿ ಓಡುತ್ತದೆ. ಶ್ರವಣಬೆಳಗೊಳದಲ್ಲಿ ಡೋಲಿ ಹೊತ್ತು ವಯಸ್ಸಾದವರನ್ನು ವಿಂಧ್ಯಗಿರಿ ಹತ್ತಿಸುತ್ತಾರೆ.

ಕೆಮ್ಮಣ್ಣುಗುಂಡಿಯಿಂದ ಇಳಿಯುವುದು ಸಂಜೆ ನಾಲ್ಕರೊಳಗೆ ಆಗಲಿ. ಆಮೇಲೆ ಮಂಜು ಮುಸುಕಿದರೆ ರಸ್ತೆಯ ಅಂಚು ಕಾಣುವುದಿಲ್ಲ, ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಕೈಕೊಡುತ್ತದೆ, 108ಕ್ಕೆ ಕರೆ ಹೋದರೂ ಆಂಬುಲೆನ್ಸ್ ಘಟ್ಟ ಹತ್ತಿ ಬರಬೇಕು. ದಾರಿಯಲ್ಲಿ ಕಲ್ಲತ್ತಿಗಿರಿಯ ವೀರಭದ್ರಸ್ವಾಮಿ ಗುಡಿಯ ಹತ್ತಿರ ಬಂಡೆಗಳು ಪಾಚಿಗಟ್ಟಿರುತ್ತವೆ. ನೀರಿಗೆ ಇಳಿಯದೆ, ಅಜ್ಜಿಗೆ ಕುರ್ಚಿ ಹಾಕಿಕೊಟ್ಟು, ಬೀಳುವ ನೀರಿನ ಸದ್ದು ಕೇಳುತ್ತಾ ಫ್ಲಾಸ್ಕಿನ ಕಾಫಿ ಕುಡಿದು ಹೊರಟರೆ ಕತ್ತಲಾಗುವ ಮುಂಚೆ ತರೀಕೆರೆ ಸೇರಬಹುದು.