ಒಂದು ಗಣಕಯಂತ್ರಕ್ಕೆ ಅನೇಕ ಬಾಗಿಲುಗಳು

ಗದ್ವಾಲದ ರೈಲು ನಿಲ್ದಾಣದಲ್ಲಿ ಕಿಟಕಿಯ ಮುಂದೆ ನಿಂತು ತಿರುಪತಿಗೆ ಟಿಕೇಟು ಕಾದಿರಿಸಿದ ತಂದೆತಾಯಿಗಳು ನಮ್ಮ ಓದುಗರಲ್ಲಿ ಅನೇಕರಿರಬಹುದು. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾವರೆಗಿನ ಹೊಸ ಹಳಿಯ ಉದ್ಘಾಟನೆಯಾದ ಮೇಲೆ ಮಕ್ತಲಿನವರಿಗೂ ಗಾಡಿ ಹತ್ತಿರವಾಗಿದೆ. ನಾರಾಯಣಪೇಟೆಯವರು ಮಾತ್ರ ಇನ್ನೂ ಪರಸ್ಥಳದ ನಿಲ್ದಾಣಕ್ಕೇ ಹೋಗಬೇಕು. ಆ ಮಾತು ಬೇರೆ. ಗುಮಾಸ್ತರು ಅರ್ಜಿಯನ್ನು ನೋಡಿ ಕೀಲಿಗಳನ್ನು ಒತ್ತುತ್ತಿರುವ ಗಳಿಗೆಯಲ್ಲಿಯೇ ಬೇರೊಂದು ಊರಿನವರು ಅದೇ ಗಾಡಿಯ ಸ್ಥಳವನ್ನು ಕೇಳುತ್ತಿರಬಹುದು. ಒಂದೇ ಸ್ಥಳವು ಇಬ್ಬರಿಗೆ ದೊರೆಯಬಾರದಷ್ಟೆ? ಆದಕಾರಣ ಲೆಕ್ಕವು ಒಂದೇ ಕಡೆ ಇರಬೇಕು. ಕೇಳುವವರು ನೂರಾರು ಕಡೆ ಇದ್ದಾರು.

ನಮ್ಮ ರೈಲ್ವೆಯಲ್ಲಿ ಇಂತಹ ಏರ್ಪಾಡು 1985ರಲ್ಲಿ ದೆಹಲಿಯಲ್ಲಿ ಮೊದಲಾಯಿತು. 'ಕಾನ್ಸರ್ಟ್' ಎಂಬ ಸುಧಾರಿತ ಏರ್ಪಾಡನ್ನು 1994ರ ಸೆಪ್ಟೆಂಬರಿನಲ್ಲಿ ಮೊಟ್ಟಮೊದಲು ಜಾರಿಗೆ ತಂದದ್ದು ಸಿಕಂದರಾಬಾದಿನಲ್ಲಿ ಎಂಬುದು ನಮ್ಮ ಕಡೆಯವರಿಗೆ ಸಂತೋಷದ ಸಂಗತಿ. 1999ರ ಏಪ್ರಿಲ್ ಹೊತ್ತಿಗೆ ದೇಶದ ಐದು ಕೇಂದ್ರಗಳೂ ಒಂದಕ್ಕೊಂದು ಜೋಡಣೆಗೊಂಡವು. ಆ ಕಾಲದಲ್ಲಿ ಗುಮಾಸ್ತರ ಮೇಜಿನ ಮೇಲಿದ್ದುದು ಗಣಕಯಂತ್ರವಲ್ಲ, ಟರ್ಮಿನಲ್. ಪರದೆ ಮತ್ತು ಕೀಲಿಮಣೆ ಮಾತ್ರ. ಬುದ್ಧಿಯೆಲ್ಲ ದೂರದ ಸರ್ವರಿನದು.

ಟರ್ಮಿನಲ್ಲಿನ ತಂತಿಯು ಯಂತ್ರವನ್ನು ಪ್ರವೇಶಿಸುವ ಬಾಗಿಲೇ ಸೀರಿಯಲ್ ಪೋರ್ಟು. ಒಂದು ಅಕ್ಷರವು ಎಂಟು ಬಿಟ್‌ಗಳಾಗಿ, ಹಿಂದೆ ಮುಂದೆ ಒಂದೊಂದು ಗುರುತಿನ ಬಿಟ್ಟನ್ನು ಸೇರಿಸಿಕೊಂಡು, ಇಕ್ಕಟ್ಟಾದ ಓಣಿಯಲ್ಲಿ ಬಂಡಿಗಳು ಸಾಗುವಂತೆ ಒಂದರ ಹಿಂದೊಂದು ಬರುತ್ತದೆ. ಆರ್‌ಎಸ್-232 ಎಂಬ ಈ ಕಟ್ಟಳೆಯು 1960ರಷ್ಟು ಹಳೆಯದು.

ರೈಲ್ವೆಯ ದೊಡ್ಡ ಯಂತ್ರಗಳು ಅನೇಕ ತಂತಿಗಳಿಗೆಂದೇ ಹುಟ್ಟಿದವು. ಆದರೆ 1990ರ ದಶಕದಲ್ಲಿ ಬ್ಯಾಂಕಿನ ಶಾಖೆಗಳಂತಹ ಚಿಕ್ಕ ಕಚೇರಿಗಳು ಸಾಧಾರಣ ಗಣಕಯಂತ್ರವನ್ನೇ ಸರ್ವರನ್ನಾಗಿ ಮಾಡಿಕೊಂಡು, ಹಲವು ಟರ್ಮಿನಲ್ಲುಗಳನ್ನು ಜೋಡಿಸಲು ಹೊರಟಾಗ ತೊಡಕು ಕಾಣಿಸಿಕೊಂಡಿತು. ಅಂತಹ ಯಂತ್ರಕ್ಕೆ ಇರುತ್ತಿದ್ದ ಸೀರಿಯಲ್ ಪೋರ್ಟುಗಳು ಸಾಮಾನ್ಯವಾಗಿ ಎರಡೇ. ಇನ್ನೂ ಹದಿನಾಲ್ಕು ಕಿಂಡಿಗಳನ್ನು ಕೊರೆದರಾಯಿತು ಎಂದು ವಿದ್ಯಾರ್ಥಿಗಳು ಹೇಳಬಹುದು. ತೊಡಕಿರುವುದು ಕಿಂಡಿಯಲ್ಲಲ್ಲ, ಗಮನದಲ್ಲಿ. ಅಕ್ಷರ ಬಂದೊಡನೆ ಪೋರ್ಟು ಗಂಟೆ ಬಾರಿಸಿ ಯಂತ್ರವನ್ನು ಕರೆಯುತ್ತದೆ. ಇದನ್ನು ಇಂಟರಪ್ಟ್ ಎನ್ನುವರು. ಯಂತ್ರದಲ್ಲಿ ಇಂತಹ ಗಂಟೆಗಳು ಹದಿನೈದಕ್ಕೆ ಮೀರುತ್ತಿರಲಿಲ್ಲ. ಅವುಗಳಲ್ಲಿ ಬಹುಪಾಲು ಕೀಲಿಮಣೆ, ಡಿಸ್ಕ್ ಮೊದಲಾದವುಗಳ ಪಾಲಾಗಿದ್ದವು.

ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 9600 ಬಿಟ್ ಸಾಗಿಸುವ ತಂತಿಯಲ್ಲಿ, ಅಕ್ಷರಕ್ಕೆ ಹತ್ತು ಬಿಟ್‌ನಂತೆ, 960 ಅಕ್ಷರಗಳು ಬಂದಾವು. ಯಾವ ಗುಮಾಸ್ತರೂ ಅಷ್ಟು ವೇಗವಾಗಿ ಒತ್ತಲಾರರು, ನಿಜ. ಆದರೆ ತಂತಿಯ ಆ ತುದಿಯಲ್ಲಿ ಇನ್ನೊಂದು ಯಂತ್ರವಿದ್ದರೆ ಒತ್ತೀತು. ಹದಿನಾರು ತಂತಿಗಳಿಂದ ಸೆಕೆಂಡಿಗೆ 15,360 ಕರೆಗಳು! ಹಳೆಯ 8250 ಎಂಬ ಚಿಪ್ಪು ಬಂದ ಅಕ್ಷರಗಳಲ್ಲಿ ಒಂದನ್ನು ಮಾತ್ರ ಕಾದಿಡಬಲ್ಲುದು. ಮುಂದಿನದು ಪೂರ್ತಿಯಾಗಿ ಬರುವುದರೊಳಗೆ, ಎಂದರೆ ಸುಮಾರು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ, ಯಂತ್ರವು ಅದನ್ನು ಎತ್ತಿಕೊಳ್ಳದಿದ್ದರೆ ಅಕ್ಷರ ಅಳಿದುಹೋಗುತ್ತದೆ. ಚಿಪ್ಪು 'ಒಂದು ಕಳೆಯಿತು' ಎಂದು ಗುರುತು ಹಾಕೀತೇ ಹೊರತು, ಕಳೆದುದನ್ನು ಮರಳಿ ಕೊಡಲಾರದು. ಆ ಗುರುತನ್ನು ಯಾರೂ ನೋಡದಿದ್ದರೆ 15000 ರೂಪಾಯಿ 1500 ಆಗಿ ಖಾತೆಗೆ ಏರಬಹುದು. ಹಾಸಿನ ಎಳೆ ಕಡಿದರೆ ಬಟ್ಟೆಯಲ್ಲಿ ಗೆರೆ ಬೀಳುವುದನ್ನು ನಾರಾಯಣಪೇಟೆಯ ನೇಕಾರರು ಬಲ್ಲರು. ಸೊನ್ನೆ ಕಳೆದರೆ ಗೆರೆಯೂ ಕಾಣದು.

ಪರಿಹಾರವು ಹಂತಹಂತವಾಗಿ ಬಂದಿತು. 16550 ಎಂಬ ಚಿಪ್ಪಿನಲ್ಲಿ ಹದಿನಾರು ಅಕ್ಷರಗಳ ಪುಟ್ಟ ಕಣಜವಿದೆ. ಹದಿನಾಲ್ಕು ಕೂಡಿದ ಮೇಲೆ ಗಂಟೆ ಬಾರಿಸುವಂತೆ ಅದನ್ನು ಹೊಂದಿಸಿದರೆ ಮೇಲಿನ 15,360 ಕರೆಗಳು 1,100ರ ಆಸುಪಾಸಿಗೆ ಇಳಿಯುವುವು. ಇಂತಹ ಎಂಟು ಅಥವಾ ಹದಿನಾರು ಚಿಪ್ಪುಗಳನ್ನು ಒಂದೇ ಹಲಗೆಯ ಮೇಲಿಟ್ಟು, ಎಲ್ಲಕ್ಕೂ ಸೇರಿ ಒಂದೇ ಗಂಟೆಯನ್ನು ಕಟ್ಟಿ, ಕರೆದವರಾರೆಂಬುದನ್ನು ತಿಳಿಸುವ ಫಲಕವೊಂದನ್ನು ಒದಗಿಸಿದರೆ ಅದೇ ಮಲ್ಟಿಪೋರ್ಟ್ ಕಾರ್ಡು. ಅಷ್ಟು ಕಿಂಡಿಗಳಿಗೆ ಯಂತ್ರದ ಬೆನ್ನಿನಲ್ಲಿ ಎಡೆಯಿಲ್ಲದ್ದರಿಂದ, ಒಂದು ದಪ್ಪ ಕೇಬಲ್ ಹೊರಬಂದು ಆಲದ ಬಿಳಲುಗಳಂತೆ ಕವಲೊಡೆಯುತ್ತದೆ. ಬೆಲೆ ಹೆಚ್ಚಿನ ಕಾರ್ಡುಗಳಿಗೆ ಸ್ವಂತ ಪ್ರೊಸೆಸರ್ ಇದ್ದು, ಅಕ್ಷರಗಳನ್ನು ಅವೇ ಕೂಡಿಹಾಕಿ ಮೂಟೆ ಕಟ್ಟಿ ಒಪ್ಪಿಸುವುವು. ಹಣವಿದ್ದ ಕಚೇರಿ ಇಂತಹುದನ್ನೇ ಕೊಳ್ಳುವುದು ಲೇಸಾಗಿತ್ತೆಂದು ನಮ್ಮ ಅಭಿಪ್ರಾಯ. ಕಣಜವೂ ತುಂಬುವಂತಾದರೆ 'ತಾಳು' ಎಂದು ಆಚೆಯವರನ್ನು ತಡೆಯುವುದಕ್ಕೆ ಬೇರೆಯೇ ತಂತಿಯುಂಟು; ಕೇಬಲ್ ಮಾಡುವವರು ಕೆಲವೊಮ್ಮೆ ಅದನ್ನೇ ಜೋಡಿಸದೆ ಬಿಟ್ಟುಬಿಡುತ್ತಾರೆ!

ಆರ್‌ಎಸ್-232ರ ತಂತಿ ಸುಮಾರು 15 ಮೀಟರಿಗೆ ಮಾತ್ರ ನಂಬಿಕೆಯದು. ದೂರದ ಊರುಗಳ ಟರ್ಮಿನಲ್ಲುಗಳ ಮಾತನ್ನು ಮಲ್ಟಿಪ್ಲೆಕ್ಸರ್ ಎಂಬ ಪೆಟ್ಟಿಗೆಯಲ್ಲಿ ಹೆಣೆದು, ಮೋಡೆಮ್ ಮೂಲಕ ಒಂದೇ ಟೆಲಿಫೋನ್ ತಂತಿಯಲ್ಲಿ ಕಳುಹಿಸಿ, ಆ ತುದಿಯಲ್ಲಿ ಬಿಡಿಸಿಕೊಳ್ಳುತ್ತಿದ್ದರು.

ಈಗಿನ ಹೊಸ ಗಣಕಯಂತ್ರಗಳಲ್ಲಿ ಸೀರಿಯಲ್ ಪೋರ್ಟು ಅಪರೂಪ. ಒಂದೆರಡು ಬೇಕಾದರೆ ಯುಎಸ್‌ಬಿ ಕೊಂಡಿ ಸಾಕು. ಹಲವು ಬೇಕಾದರೆ ಜಾಲದ ಕೇಬಲ್ಲಿಗೆ ಸೇರುವ ಹದಿನಾರು ಕಿಂಡಿಗಳ ಪೆಟ್ಟಿಗೆ ದೊರೆಯುತ್ತದೆ. ತೂಕದ ಯಂತ್ರಗಳು, ವಿದ್ಯುತ್ ಮೀಟರುಗಳು, ಪ್ರಯೋಗಶಾಲೆಯ ಉಪಕರಣಗಳು ಇವುಗಳಲ್ಲಿ ಅನೇಕವು ಇಂದಿಗೂ ಈ ಹಳೆಯ ಭಾಷೆಯನ್ನೇ ಆಡುತ್ತವೆ. ಹತ್ತಿಯ ಗಾಡಿಯನ್ನು ತೂಗಿಸಲು ಹಿರಿಯರೊಡನೆ ವೇಬ್ರಿಜ್ಜಿಗೆ ಹೋದ ಮಕ್ಕಳು, ಅಲ್ಲಿಯ ತೂಕದ ಪೆಟ್ಟಿಗೆಯ ಹಿಂದೆ ಒಂಬತ್ತು ಸೂಜಿಗಳ ಚಿಕ್ಕ ಕಿಂಡಿಯಿದೆಯೇ ಎಂದು ಇಣುಕಿ ನೋಡಬಹುದು.